‘ಮೊದಲು’ ಚಿತ್ರದ ಹುಡುಗಿ

ಮೇ ೧೮, ಭಾನುವಾರ

ತಂಗಿಗೆ,

‘ತಂಗಿಗೆ’ ಅನ್ನುವುದಕ್ಕೆ ಮುಂಚೆ ‘ಪ್ರೀತಿಯ’ ಎಂದು ಬರೆದು ಗೀಟು ಹೊಡೆದಿರುವುದು ನಿನಗೆ ಕಾಣುತ್ತಿರಬೇಕು. ಅಭ್ಯಾಸಬಲ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ನೋಡಲಿ ಎಂದೇ ಬಿಟ್ಟೆ. ನಾವೆಲ್ಲ ಕ್ಷೇಮ ಎಂದು ಬರೆಯುವ ಹಾಗಿಲ್ಲ. ನಿನ್ನ ಕ್ಷೇಮ ನಾನು ಕೇಳುವುದಿಲ್ಲ, ಚೆನ್ನಾಗಿಯೇ ಇದ್ದೀಯ ಎಂದು ನಿನ್ನ ಪಾರ್ಲರಿನ ಕಿಟಕಿ ಹೇಳುತ್ತಿದೆ. ಉತ್ತರ ತಡವಾಯಿತು. ತಡವಾಗಿದ್ದು ನಿನ್ನ ಪುಣ್ಯ ಎಂದುಕೋ, ಮೊದಲ ವಾರ ಬರೆದಿದ್ದರೆ ಈ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ‘ಫೋನ್ ಮಾಡಬಹುದಿತ್ತಲ್ಲ ಅಕ್ಕ’ ಅನ್ನುತ್ತೀಯ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಬೈಯಬೇಕಾದ್ದನ್ನೆಲ್ಲ ನುಂಗಿ ನಿನ್ನನ್ನೇ ಸಮಾಧಾನ ಮಾಡಿ ಇಡುತ್ತೇನೆ. ಹುಟ್ಟಿದಾಗಿನಿಂದ ನಡೆದು ಬಂದದ್ದು ಇದೇ.

ನೀನು ಕಳಿಸಿದ ಎರಡು ಬಾಟಲಿ ಕೂದಲಿನ ಲೋಳೆ ಬಂತು, ಜೊತೆಗೆ ಕಾಗದವೂ ಬಂತು. ಎರಡನೇ ಪಾರ್ಲರ್ ತೆರೆಯುತ್ತಿದ್ದೀಯಂತೆ. ರಜೆ ಮುಗಿಯುವುದರೊಳಗೆ ಗುಂಗುರಿಯನ್ನು ಇನ್ನೊಂದು ಸಲ ಕಳಿಸಬೇಕಂತೆ. ‘ಆ “ಮೊದಲು” ಚಿತ್ರ ನೋಡೋಕೆ ಜನ ನಿಂತ್ಕೊಳ್ತಾರೆ ಅಕ್ಕ, ಇನ್ನೊಂದು ಬೇಕೇ ಬೇಕು’ ಎಂದು ಬರೆದಿದ್ದೀಯ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವುದು ನಿನಗೆ ಮೊದಲಿನಿಂದಲೂ ಬರುತ್ತದೆ. ಗುಂಗುರಿ ಬರುವುದಿಲ್ಲ. ಯಾಕೆ ಎಂದು ಹೇಳುತ್ತೇನೆ, ನಿಂತುಕೊಂಡೇ ಓದಬೇಡ, ಕೂತು ಓದು.

ಹೋದ ಸಲ ಪಾರ್ಲರಿನ ‘ಮೊದಲು, ಆಮೇಲೆ’ ಜಾಹೀರಾತಿಗೆ ಅವಳನ್ನು ನೀನು ಕೇಳಿದಾಗ ನನಗೆ ಹೆಮ್ಮೆಯೇ ಆಗಿತ್ತು. ನನ್ನ ಮಗಳ ಸುರುಳಿ ಕೂದಲು ನೋಡಿ ಗುಂಗುರಿ ಎಂದು ಹೆಸರಿಟ್ಟವಳೇ ನೀನು. ಹಿಂದಿನ ದಿನ ತಲೆಗೆ ಎಣ್ಣೆ ಇಟ್ಟೆ. ಬೆಳಿಗ್ಗೆ ತೊಳೆದು, ಒದ್ದೆ ಇರುವಾಗಲೇ ಅಗಸೆ ಬೀಜ ಕುದಿಸಿದ ಲೋಳೆ ಸವರಿ, ತುದಿಯಿಂದ ಬುಡದ ಕಡೆಗೆ ಬೆರಳಲ್ಲೇ ಸಿಕ್ಕು ಬಿಡಿಸಿದೆ. ಟವೆಲ್ ಮುಟ್ಟಿಸಲಿಲ್ಲ, ನಿನ್ನ ಭಾವನ ಹಳೇ ಬನಿಯನ್ನಿನಲ್ಲಿ ಹಿಂಡಿ ಒಣಗಲು ಬಿಟ್ಟೆ. ಒಂದೊಂದು ಸುರುಳಿಯೂ ಬಿಡಿಬಿಡಿಯಾಗಿ ಕೂತಿತ್ತು. ಈ ಕೆಲಸ ನೀನು ಕಲಿತದ್ದೂ ನನ್ನ ತಲೆಯ ಮೇಲೆಯೇ. ನಿನ್ನ ಕೂದಲು ನೂಲಿನ ಹಾಗೆ ನೇರ, ನಿನಗೆ ಸುರುಳಿಯ ಕಷ್ಟ ಎಲ್ಲಿಂದ ಗೊತ್ತಾಗಬೇಕು. ಲಾಂಡ್ರಿಯ ಹಬೆಯಲ್ಲಿ ಬೆಳಗಿನಿಂದ ನಿಂತು, ಸಂಜೆಗೆ ಜೊಂಪೆ ಕೆದರಿಕೊಂಡು ಬರುತ್ತಿದ್ದ ನನ್ನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಲಿತೆ. ಆಗ ನಿನ್ನ ಕೈ ಮೆತ್ತಗಿತ್ತು.

‘ಒಂದು ಕೂದಲೂ ಕೊಂಕದ ಹಾಗೆ ಕಳಿಸ್ತೀನಿ ಅಕ್ಕ’ ಅಂದಿದ್ದೆ. ಕಳಿಸಿದೆಯಾ?

ಹುಡುಗಿ ಕುರ್ಚಿಯಲ್ಲಿ ಕೂತಳು. ನಿನಗೆ ತೊಂದರೆ ಶುರುವಾಯಿತು. ‘ಆಮೇಲೆ’ ಎಂದು ತೋರಿಸಬೇಕಾದ ಕೂದಲು ಮೊದಲೇ ಬಂದು ಕೂತುಬಿಟ್ಟಿತ್ತು. ಆಗ ನೀನು ಏನು ಮಾಡಿದೆ? ಹೇನು ಬಾಚುವ ಸಣ್ಣ ಹಲ್ಲಿನ ಬಾಚಣಿಗೆ ತೆಗೆದುಕೊಂಡು, ಒಣಗಿದ ಕೂದಲನ್ನು ಬುಡದಿಂದ ತುದಿಗೆ ಎಳೆದೆಳೆದು ಬಾಚಿದೆ, ತಲೆ ಬುಟ್ಟಿಯಷ್ಟು ಊದಿಕೊಳ್ಳುವವರೆಗೆ. ಹುಡುಗಿಯ ಕಣ್ಣಲ್ಲಿ ನೀರು ಬಂದಾಗ ‘ಹಾಗೇ ಇರು, ಫೋಟೋಗೆ ಚೆನ್ನಾಗಿರುತ್ತೆ’ ಅಂದೆಯಂತೆ. ನಿನ್ನ ಪಾರ್ಲರಿನ ಗೋಡೆಯ ಮೇಲೆ ‘ಒಣ ಕೂದಲಿಗೆ ಬಾಚಣಿಗೆ ತಾಗಿಸಬೇಡಿ’ ಎಂದು ಮೊಳದುದ್ದದ ಅಕ್ಷರದಲ್ಲಿ ಬರೆಸಿದ್ದೀಯ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಗೊತ್ತಿಲ್ಲದವರು ಮಾಡಿದ್ದರೆ ತಿಳಿಸಿ ಹೇಳುತ್ತಿದ್ದೆ. ನೀನು ಗೊತ್ತಿದ್ದೂ ಮಾಡಿದೆ.

ಆ ಚಿತ್ರವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ಕಿಟಕಿಗೆ ಅಂಟಿಸಿದೆ. ಎದುರಿಗೇ ಬಸ್ ಸ್ಟಾಪು. ಅವಳ ಶಾಲೆಯ ಅರ್ಧ ಮಕ್ಕಳು ಬಸ್ಸಿಗೆ ಕಾಯುವುದು ಅಲ್ಲೇ ಎಂದು ನಿನಗೆ ಗೊತ್ತಿಲ್ಲ ಅನ್ನಬೇಡ. ‘ಪೊರಕೆ ಬಂತು, ಕಸ ಇದ್ರೆ ಕೊಡ್ರೋ’ ಎಂದು ತರಗತಿಯಲ್ಲಿ ಶುರುವಾಯಿತು. ಟೀಚರಿಗೆ ದೂರು ಕೊಟ್ಟರೆ ಆ ಮಹಾತಾಯಿ ‘ಸ್ವಲ್ಪ ಬಿಗಿಯಾಗಿ ಕಟ್ಕೊಂಡು ಬಾಮ್ಮ’ ಅಂದರು. ರಜೆಗೆ ಮುಂಚಿನ ವಾರ ನಾನು ಕೆಲಸ ಮುಗಿಸಿ ಬಂದರೆ ಬಚ್ಚಲಿನ ಬಾಗಿಲು ಹಾಕಿತ್ತು. ತೆಗೆಸಿದೆ. ಅಡುಗೆಮನೆಯ ಕತ್ತರಿ ಅವಳ ಕೈಯಲ್ಲಿತ್ತು, ಹನ್ನೊಂದು ವರ್ಷ ನಾನು ಸಾಕಿದ ಸುರುಳಿಗಳು ನೀರು ಹೋಗುವ ಜಾಲರಿಯ ಮೇಲೆ ಬಿದ್ದಿದ್ದವು. ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ನೆತ್ತಿಯವರೆಗೆ. ನಿನ್ನ ಭಾವ ಬಂದು ನೋಡಿ, ‘ಕೂದಲು ತಾನೇ, ಬೆಳೆಯುತ್ತೆ ಬಿಡು’ ಅಂದರು. ಅವತ್ತಿನಿಂದ ಅವರ ಹತ್ತಿರವೂ ಮಾತು ಅಷ್ಟಕ್ಕಷ್ಟೇ. ಮಗಳು ಈಗ ಮನೆಯೊಳಗೂ ಟೋಪಿ ಹಾಕಿಕೊಂಡಿರುತ್ತಾಳೆ. ಶಾಲೆ ತೆರೆದರೆ ಹೋಗುವುದಿಲ್ಲ ಎಂದು ಹೇಳಿಬಿಟ್ಟಿದ್ದಾಳೆ.

ಮಾರನೆಯ ದಿನವೇ ನಿನ್ನ ಪಾರ್ಲರಿಗೆ ಬಂದಿದ್ದೆ. ನೀನು ಇರಲಿಲ್ಲ. ಕೌಂಟರಿನಲ್ಲಿದ್ದ ನಿನ್ನ ಹೊಸ ಹುಡುಗಿ ನನ್ನ ತಲೆ ನೋಡಿ ‘ಅಯ್ಯೋ ಮೇಡಂ, ನಿಮ್ಮದೂ ಆ ಚಿತ್ರದ ಹುಡುಗಿ ಥರಾನೇ ಇದೆಯಲ್ಲ, ಚಿಂತೆ ಮಾಡ್ಬೇಡಿ, ಸರಿ ಮಾಡ್ತೀವಿ’ ಅಂದಳು. ‘ಅವಳು ನನ್ನ ಮಗಳಮ್ಮ, ಅದನ್ನ ತೆಗಿ’ ಅಂದೆ. ಪಾಪ, ಅವಳ ಮುಖ ಸಣ್ಣಗಾಯಿತು. ‘ಅದನ್ನ ತೆಗೆದ್ರೆ ನಮ್ಮ ಓನರ್ ಅಕ್ಕ ನನ್ನ ಕೆಲಸದಿಂದ ತೆಗೀತಾರೆ’ ಅಂದಳು. ಅವಳ ಮೇಲೆ ಏನು ಸಿಟ್ಟು ಮಾಡಲಿ, ಬಂದೆ.

ಆಗಲೇ ನಾನು ಪಕ್ಕದ ಚಿತ್ರವನ್ನೂ ನೋಡಿದ್ದು. ‘ಆಮೇಲೆ’ ಎಂದು ಬರೆದು ಯಾವಳೋ ಬೇರೆ ಹುಡುಗಿಯನ್ನು ನಿಲ್ಲಿಸಿದ್ದೀಯ. ಅವಳು ನಗುತ್ತಿದ್ದಾಳೆ, ನನ್ನ ಮಗಳು ಅಳುತ್ತಿದ್ದಾಳೆ. ಯಾಕೆ ಎಂದು ಮೆಸೇಜ್ ಮಾಡಿದ್ದಕ್ಕೆ, ‘ಏನು ಮಾಡ್ಲಿ ಅಕ್ಕ, ಎಷ್ಟು ಲೋಳೆ ಹಚ್ಚಿದ್ರೂ ಗುಂಗುರಿ ಕೂದಲು ಕೂರಲೇ ಇಲ್ಲ’ ಎಂದು ಉತ್ತರ ಕೊಟ್ಟೆ. ನಂಬಿದೆ. ಹಾಗೆ ಹರಿದು ಬಾಚಿದ ಮೇಲೆ ಯಾವ ಕೂದಲು ಕೂರುತ್ತದೆ ಎಂದುಕೊಂಡೆ. ಇದೊಂದು ಮಾತ್ರ ನಿನ್ನ ಕೈಮೀರಿ ಆದದ್ದಿರಬೇಕು ಎಂದು ನಿನ್ನ ತಪ್ಪುಗಳ ಲೆಕ್ಕದಿಂದ ಬಿಟ್ಟಿದ್ದೆ.

ಈಗ ಕೇಳು. ಶಾಲೆ ತೆರೆಯುವುದರೊಳಗೆ ಆ ಚಿತ್ರ ಕಿಟಕಿಯಿಂದ ಇಳಿಯಬೇಕು. ಇಳಿಯದಿದ್ದರೆ ನಾನೇ ಲಾಂಡ್ರಿಯ ಬಕೆಟ್ಟು, ಬ್ರಷ್ಷು ಹಿಡಿದು ಬರುತ್ತೇನೆ. ಗಿರಾಕಿಗಳು ತುಂಬಿರುವ ಹೊತ್ತು ನೋಡಿಕೊಂಡೇ ಬರುತ್ತೇನೆ. ಅಂಟಿದ್ದನ್ನು ಹಬೆ ಕೊಟ್ಟು ಬಿಡಿಸುವುದು ನನಗೆ ಬರುತ್ತದೆ. ಬಾಟಲಿಗಳನ್ನು ವಾಪಸು ಕಳಿಸಿದ್ದೇನೆ. ನನ್ನ ಮಗಳ ತಲೆಗೆ ಏನು ಹಚ್ಚಬೇಕು ಎಂದು ನನಗೆ ಗೊತ್ತು, ಹಚ್ಚಲು ಅಲ್ಲಿ ಕೂದಲು ಬರಲಿ.

ಹೊಸ ಪಾರ್ಲರ್ ಚೆನ್ನಾಗಿ ನಡೆಯಲಿ. ಏನೇ ಆದರೂ ದೊಡ್ಡವಳು, ಶಾಪ ಹಾಕಲು ಬಾಯಿ ಬರುವುದಿಲ್ಲ. ಚೆನ್ನಾಗಿರು.

ಇಂತಿ,
ನಿನ್ನ ಅಕ್ಕ

ತಾ.ಕ.: ಮೇಲಿನ ಆಶೀರ್ವಾದಕ್ಕೂ ಗೀಟು ಹೊಡೆದಿದ್ದೇನೆ, ನೋಡು. ಕಾಗದವನ್ನು ಮಡಿಸಿ ಲಕೋಟೆಗೆ ಹಾಕು ಎಂದು ಗುಂಗುರಿಯ ಕೈಗೆ ಕೊಟ್ಟೆ. ಅವಳು ಮಡಿಸುವ ಬದಲು ಓದಿದಳು. ‘ಕೂದಲು ಕೂರಲೇ ಇಲ್ಲ’ ಎಂದು ನೀನು ಹೇಳಿದ ಸಾಲಿನ ಮೇಲೆ ಬೆರಳಿಟ್ಟು, ‘ಇದು ಸುಳ್ಳಮ್ಮ’ ಅಂದಳು. ‘ಚಿಕ್ಕಮ್ಮ ಮತ್ತೆ ತೊಳೆದು ಲೋಳೆ ಹಚ್ಚಿದ್ರು. ನೀನು ಮಾಡಿದ್ದಕ್ಕಿಂತ ಚೆನ್ನಾಗಿ ಕೂತಿತ್ತು. ಫೋಟೋನೂ ತೆಗೆದ್ರು. ಆಮೇಲೆ ಚಿಕ್ಕಮ್ಮ ನೋಡಿ ಫೋಟೋದವರಿಗೆ ಹೇಳಿದ್ರು, ಕೂದಲೇನೋ ಚೆನ್ನಾಗಿ ಬಂದಿದೆ, ಮುಖ ಬೇಡ, ಬೇರೆ ಯಾರನ್ನಾದ್ರೂ ಕರೆಸೋಣ ಅಂತ.’

ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

‘ನಂದು ನಿನ್ನ ಮುಖಾನೇ ಅಲ್ವಾ ಅಮ್ಮ. ನಿಂಗೆ ಬೇಜಾರಾಗುತ್ತೆ ಅಂತ.’