ಕೋಡಂಗಿ ಕದ್ದ ನಡಿಗೆ

ಫೆಬ್ರವರಿ 12, ಬುಧವಾರ

ಪಾರ್ಕ್ ರಾಯಲ್‌ನ ಕೆಲಸದಿಂದ ಸೀದಾ ನಾಟಕದ ರಿಹರ್ಸಲ್‌ಗೆ. ಮೈಯೆಲ್ಲ ಬ್ರೆಡ್ ಫ್ಯಾಕ್ಟರಿಯ ವಾಸನೆ. ಲೇಟಾಗಿದ್ದಕ್ಕೆ ಎಲೆರಿ ಬೈದಳು. ನಮ್ಮ ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡುವವಳು, ಊರು ವೇಲ್ಸ್. ಆಫೀಸಿನ ಕ್ರಿಸ್‌ಮಸ್ ಪಾರ್ಟಿಯಲ್ಲಿ ಮ್ಯಾನೇಜರನ ಅಣಕು ಮಾಡಿದ್ದೇ ತಪ್ಪಾಯಿತು — ಹಿಡಿದು ತಂದು ಕೋಡಂಗಿ ಪಾರ್ಟು ನನ್ನ ತಲೆಗೆ ಕಟ್ಟಿದಳು.

ವೇಲ್ಸಿನವರ ಹಳೆಯ ಆಟಗಳಲ್ಲಿ ಕೋಡಂಗಿಯದೇ ಕಾರುಬಾರು. ಆಟ ಶುರು ಮಾಡುವವನು ಅವನು, ಕಥೆಯ ಜಿಪುಣನ ಮಾನ ಕಳೆಯುವವನು ಅವನು, ಜನರ ಹತ್ತಿರ ನೇರ ಮಾತಾಡುವವನೂ ಅವನೇ. ಎಲೆರಿಯ ತಂಡದಲ್ಲಿ ಇನ್ನೊಂದು ಪದ್ಧತಿ: ಆಟದ ನಡುವೆ ರಂಗದಿಂದ ಕೆಳಗಿಳಿದು, ಕೂತವರಲ್ಲಿ ಒಬ್ಬರ ಅಣಕು ಮಾಡಬೇಕು. ಅವರು ಸಿಟ್ಟಾಗುವಂತಿಲ್ಲ. ಜೋಕು ಬೇಡ, ಜನರನ್ನು ನೋಡಿ ಮಾಡು ಎಂದಳು. ನೋಡುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಮಾರ್ಚ್ 1, ಶನಿವಾರ, ಸಂಜೆ

ಗೆದ್ದೆ! ಮೊದಲ ಆಟಕ್ಕೇ ಹಾಲ್ ಫುಲ್. ಸಟನ್‌ನಿಂದ ನನ್ನ ಅಣ್ಣ, ಚಂದ್ರಣ್ಣ, ಒಬ್ಬನೇ ಬಂದಿದ್ದ. ಅವನ ಹೆಂಡತಿ ಶೋಭಾ ವೈನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅಣ್ಣನನ್ನೇ ಹಿಡಿದೆ. ಈಚೆಗೆ ಕಾಲು ಎಳೆಯುತ್ತ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾನೆ. ತಿರುಗುವುದಂತೂ ಇಕ್ಕಟ್ಟಿನ ಗಲ್ಲಿಯಲ್ಲಿ ಲಾರಿ ತಿರುಗಿಸಿದ ಹಾಗೆ. ಅದನ್ನೇ ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು, ಅಣ್ಣ ಎಲ್ಲರಿಗಿಂತ ಜೋರಾಗಿ. ಯಾರೋ ವಿಡಿಯೋ ತೆಗೆದಿದ್ದರು. ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ಮಾರ್ಚ್ 2

ಅಣ್ಣನ ಫೋನು.

"ಗೋಪ್ಯಾ, ನಿನ್ನೆ ನಿನಗೊಂದು ಮಾತು ಹೇಳಬೇಕಂತನ ಬಂದಿದ್ದೆ. ನೀ ಖುಷಿಯೊಳಗಿದ್ದಿ, ಬ್ಯಾಡಂತ ಬಿಟ್ಟೆ."

ಪಾರ್ಕಿನ್ಸನ್ಸ್. ಕಳೆದ ವಾರ ಸ್ಪೆಷಲಿಸ್ಟ್ ಹೇಳಿದರಂತೆ. ವೈನಿಗೆ ಗೊತ್ತಿಲ್ಲ. ಮೊಣಕಾಲು ನೋವು ಅಂತ ಹೇಳಿ ಇಟ್ಟಿದ್ದಾನೆ. ಮಗಳು ಪ್ರತೀಕ್ಷಾಳ ಜಿಸಿಎಸ್‌ಇ ಪರೀಕ್ಷೆ ಮುಗಿಯುವ ತನಕ ಮನೆಯಲ್ಲಿ ಯಾರಿಗೂ ಹೇಳಬಾರದು. ನಾನೂ ಬಾಯಿ ಬಿಡಬಾರದು.

"ಆಗಲಿ ಅಣ್ಣಾ" ಎಂದೆ. ವಿಡಿಯೋ ಡಿಲೀಟ್ ಮಾಡಿದೆ. ಅಷ್ಟರಲ್ಲಿ ಹುಬ್ಬಳ್ಳಿಯವರೆಗೆ ಎಲ್ಲರೂ ನಕ್ಕು ಮುಗಿಸಿದ್ದರು. ನನ್ನ ಬಗ್ಗೆ ನನಗೇ ಹೇಸಿಗೆ.

ಮಾರ್ಚ್ 8

ಸಟನ್‌ಗೆ ಹೋಗಿದ್ದೆ. ಬಾಗಿಲು ತೆರೆದವರೇ ವೈನಿ ನಗತೊಡಗಿದರು.

"ವಿಡಿಯೋದಾಗ ಥೇಟ್ ನಿಮ್ಮಣ್ಣನ! ಹದಿನೈದರ ಆಟಕ್ಕ ನಾನೂ ಬರಾಕ್ಹತ್ತೀನಿ. ರಜಾ ಹಾಕೀನಿ. ನನ್ನ ಮುಂದ ಮಾಡಬೇಕು ನೋಡು."

ಅಣ್ಣನನ್ನು ಗಾರ್ಡನ್ನಿಗೆ ಕರೆದುಕೊಂಡು ಹೋಗಿ, ಆ ಅಣಕು ಒಂದು ಬಿಟ್ಟುಬಿಡುತ್ತೇನೆ ಎಂದೆ.

"ಹುಚ್ಚ ಅದೀ ಏನು? ಬಿಟ್ಟರ ಯಾಕ ಬಿಟ್ಟಿ ಅಂತ ಕೇಳ್ತಾಳ. ಹೋದ ಸಲ ಹ್ಯಾಂಗ ಮಾಡಿದ್ದಿ, ಹಂಗ ಮಾಡು. ಹೆಚ್ಚಿಲ್ಲ, ಕಡಿಮಿ ಇಲ್ಲ."

ಮಾತು ಕೊಟ್ಟೆ. ಅಣ್ಣ ಒಳಗೆ ಹೊರಟ. ಬಲಗೈ ಬೀಸುತ್ತದೆ, ಎಡಗೈ ಬೀಸುವುದಿಲ್ಲ. ಮೈಗೆ ಅಂಟಿಕೊಂಡೇ ಇರುತ್ತದೆ, ಬೆರಳು ಸಣ್ಣಗೆ ನಡುಗುತ್ತವೆ. ಹೋದ ಸಲ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ... ನೋಡಬಾರದು ಅಂದುಕೊಂಡೇ ನೋಡಿದೆ.

ಮಾರ್ಚ್ 13

ಕೆಲಸದಲ್ಲಿ ಮನಸ್ಸಿಲ್ಲ. ಟಾಯ್ಲೆಟ್ಟಿನ ಕನ್ನಡಿಯ ಮುಂದೆ ಎಡಗೈ ಮೈಗೆ ಒತ್ತಿಕೊಂಡು ನಿಂತಿದ್ದೆ. ಯಾಕೆ ನಿಂತೆ? ಥೂ.

ಮಾರ್ಚ್ 15, ಶನಿವಾರ, ಗ್ರೀನ್ ರೂಮ್

ಆಟ ಮುಗಿಯಿತು. ಬಣ್ಣ ಇನ್ನೂ ತೆಗೆದಿಲ್ಲ.

ಕೆಳಗಿಳಿದೆ. ಅಣ್ಣ, ವೈನಿ ಮೂರನೇ ಸಾಲು. ಹೋದ ಸಲದಂತೆಯೇ ಹೆಜ್ಜೆ, ಹೋದ ಸಲದಂತೆಯೇ ತಿರುಗುವುದು. ಅಷ್ಟೇ ನಗು ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನೂ ಸ್ವಲ್ಪ ನಗಿಸಬೇಕು ಅನ್ನಿಸಿತು — ಆ ಒಂದು ಗಳಿಗೆಯಲ್ಲಿ ಅಣ್ಣ ನನ್ನ ತಲೆಯಲ್ಲೇ ಇರಲಿಲ್ಲ, ನಗು ಮಾತ್ರ ಇತ್ತು. ಎಡಗೈಯನ್ನು ಮೈಗೆ ಅಂಟಿಸಿದೆ. ಬೆರಳು ನಡುಗಿಸಿದೆ. ಹಾಲ್ ಎದ್ದು ಬಿದ್ದು ನಕ್ಕಿತು.

ವೈನಿ ನಗಲಿಲ್ಲ. ಇಪ್ಪತ್ತು ವರ್ಷದಿಂದ ನರ್ಸು. ನನ್ನ ಕೈ ನೋಡಿದರು. ಆಮೇಲೆ ಪಕ್ಕಕ್ಕೆ ತಿರುಗಿ ಅಣ್ಣನ ತೊಡೆಯ ಮೇಲಿದ್ದ ಎಡಗೈ ನೋಡಿದರು. ಅಣ್ಣ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಪರದೆ ಬಿದ್ದ ಕೂಡಲೇ ವೈನಿ ರಂಗದ ಹಿಂದಕ್ಕೇ ಬಂದರು.

"ಗೋಪಿ, ಯಾವಾಗಿಂದ ಗೊತ್ತದ ನಿನಗ?"

ಬಣ್ಣ ತೊಳೆದು ಬರುತ್ತೇನೆ ಎಂದು ಬಾಗಿಲು ಹಾಕಿಕೊಂಡೆ. ತೊಳೆಯುವುದು ಬಿಟ್ಟು ಇದನ್ನು ಗೀಚುತ್ತ ಕೂತಿದ್ದೇನೆ. ಹೇಳುವುದಿಲ್ಲ ಎಂದು ಅಣ್ಣನಿಗೆ ಮಾತು ಕೊಟ್ಟವನು ನಾನು. ಇಷ್ಟೂ ಜನರೆದುರು ಹೇಳಿದವನೂ ನಾನೇ. ಅದೂ ಒಂದು ನಗುವಿನ ಆಸೆಗೆ.

ವೈನಿ ಬಾಗಿಲು ಬಡಿಯುತ್ತಿದ್ದಾರೆ. ಅಳುತ್ತಿದ್ದಾರೆ ಅನ್ನಿಸುತ್ತದೆ. ಎದ್ದು ಹೋಗಿ ತೆರೆಯಬೇಕು. ತೆರೆದು, ವೈನಿ, ನಾನು...