ಸೊಲ್ಲಾಪುರದಲ್ಲಿ ಗಾಡಿ ಬದಲಿ

ಖಡಕಿ, ಶುಕ್ರವಾರ, ೧೫ ಮೇ ೧೯೯೮

ಅಖಿಲ ಭಾರತ ರೈಲ್ವೆ ದರಪಟ್ಟಿ ಮಹಾಪ್ರಭುಗಳ ಪಾದಾರವಿಂದಕ್ಕೆ ಈ ಪಾಮರನ ಸಾಷ್ಟಾಂಗ ನಮಸ್ಕಾರ. ತಮ್ಮ ಲೀಲೆ ಬಲ್ಲವರು ಯಾರು?

ನಮ್ಮಪ್ಪನಂತೂ ಅಲ್ಲ. ಅಜ್ಜಿಯನ್ನು ವಿಜಾಪುರಕ್ಕೆ ಮುಟ್ಟಿಸಿ ಬಾ ಅಂತ ಅವನು ನನಗೆ ತಿಕೀಟಿನ ರೊಕ್ಕ ಕೊಟ್ಟಿದ್ದ. ಊಟಕ್ಕೆ ಕೂತಾಗ ನಾನು ತಿಕೀಟಿನ ಪುರಾಣ ಓದಿದೆ: ಸೂಪರ್‌ಫಾಸ್ಟಿಗೆ ಬೇರೆ, ರಿಸರ್ವೇಶನ್ನಿಗೆ ಬೇರೆ, ಮುದುಕರಿಗೆ ಕಡಿಮೆ, ಜೊತೆಗೆ ಹೋಗುವವರಿಗೆ ಹೆಚ್ಚು. ಅಪ್ಪ ರೊಟ್ಟಿ ಮುರಿಯುವುದನ್ನೇ ಮರೆತ. “ಇಷ್ಟ್ ತುಟ್ಟಿ ಆಗೇದೇನೋ?”

ಅಜ್ಜಿಯೇ ತೀರ್ಪು ಕೊಟ್ಟಳು: “ಅವಗ್ಯಾಕ ತಿಕೀಟ? ನಾ ಏನ್ ಸಣ್ಣ ಕೂಸೇನು? ಕೇಳಕೋತ ವಿಜಾಪುರ ಮುಟ್ಟತೀನಿ.”

ನಾಳೆ ಮುಂಜಾನೆ ಒಬ್ಬಳೇ ಹೊರಡುತ್ತಾಳೆ. ಸೊಲ್ಲಾಪುರದಲ್ಲಿ ಇಳಿದು ಸಣ್ಣ ಗಾಡಿ ಹಿಡಿಯಬೇಕು. ಆಕೆಗೆ ಓದಲು ಬರುವುದಿಲ್ಲ, ಮರಾಠಿಯೂ ಬರುವುದಿಲ್ಲ. ಯಾರಾದರೂ ತಪ್ಪು ಗಾಡಿ ಹತ್ತಿಸಿದರೆ? ಗಾಡಿ ಎಲ್ಲಿ ಅಂತ ಕೇಳಲು ಮರಾಠಿಯಲ್ಲಿ ‘ವಿಜಾಪುರ ಗಾಡಿ ಕುಠೇ?’ ಎಂದು ಚೀಟಿ ಬರೆದುಕೊಟ್ಟೆ. ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, “ಭಾಳ ಶಾಣ್ಯಾ ಅದಿ” ಅಂತ ನನ್ನ ಗದ್ದ ಹಿಡಿದಳು. ಆಗಿನಿಂದ ನಿದ್ದೆ ಹತ್ತಿರ ಸುಳಿದಿಲ್ಲ.

ನಿಜ ಹೇಳಿಬಿಡುತ್ತೇನೆ. ಅಪ್ಪ ಕೊಟ್ಟ ರೊಕ್ಕದಲ್ಲಿ ಇಬ್ಬರೂ ಹೋಗಬಹುದಿತ್ತು. ರವಿವಾರ ನಮ್ಮ ಓಣಿಯವರ ಕ್ರಿಕೆಟ್ ಮ್ಯಾಚ್ ಇದೆ. ಅದರಲ್ಲೂ ನಾನು ಹನ್ನೆರಡನೆಯವ.