ಕಿಡ್ನಿಗೆ ಕೊಟ್ಟ ರಜೆ

ಗುರುವಾರ

ಪ್ರೀತಿಯ ಅಕ್ಕ,

ಈ ಚಿಕಿತ್ಸೆಯಿಂದ ಕಿಡ್ನಿಗೆ ಪೆಟ್ಟಾಗಬಹುದು ಎಂದು ನನಗೆ ಯಾರೂ ಹೇಳಲಿಲ್ಲ. ಅದು ಅನ್ಯಾಯ. ಅದನ್ನು ಮೊದಲು ಬರೆದುಬಿಟ್ಟೆ. ಇನ್ನು ನೀವೆಲ್ಲ ಹೇಗಿದ್ದೀರಿ? ನಿನ್ನ ಎರಡು ಕಾಗದಕ್ಕೂ ಉತ್ತರಿಸದ್ದಕ್ಕೆ ಬೈಯಬೇಡ. ಪೆನ್ನು ಹಿಡಿಯುವಷ್ಟು ಶಕ್ತಿ ಬೆರಳಿಗೆ ಬಂದಿದ್ದೇ ಮೊನ್ನೆ.

ಜೋತುಬಿದ್ದಿದ್ದ ರೆಪ್ಪೆಗಳೂ ಮೇಲೆದ್ದಿವೆ. ನನ್ನ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಸ್ನಾಯುಗಳಿಗೆ ಕಾಟ ಕೊಡುವ ಅಂಶವಿರುವ ಹಳದಿ ನೀರನ್ನು ಬೇರ್ಪಡಿಸಿ, ಉಳಿದದ್ದನ್ನು ತಿರುಗಿ ಮೈಗೆ ಬಿಡುತ್ತಾರೆ. ಇದು ಮೈಯೇ ಮೈಯ ಮೇಲೆ ದಂಗೆಯೇಳುವ ಕಾಯಿಲೆ ಎಂದರು ಡಾಕ್ಟರಮ್ಮ. ದಂಗೆಯೆಂಬ ಒಳ್ಳೆಯ ಮಾತನ್ನು ಇಂಥದ್ದಕ್ಕೆಲ್ಲ ಬಳಸಬೇಡಿ ಎಂದು ತಿದ್ದಿದೆ. ಪಕ್ಕದ ಹಾಸಿಗೆಯ ಅಜ್ಜಿ ಅಂದಿನಿಂದ ನನ್ನನ್ನು ಲೀಡರ್ ಎಂದೇ ಕರೆಯುತ್ತಾಳೆ, ನಾನು ಓದಲು ಕೊಟ್ಟ ನಮ್ಮ ಸಂಘದ ಕರಪತ್ರದಿಂದ ಗಾಳಿ ಬೀಸಿಕೊಳ್ಳುತ್ತಾ.

ಈ ಲೀಡರ್ ಮಾಡಿದ ಪೆದ್ದುತನ ಕೇಳು. ಸೋಸುವ ಕೆಲಸವೆಲ್ಲ ಯಂತ್ರದ್ದಾದ ಮೇಲೆ ಕಿಡ್ನಿಗಳಿಗೆ ರಜೆ ಎಂದುಕೊಂಡೆ. ಮೂತ್ರ ಕಡಿಮೆಯಾದಾಗ, ಹುಟ್ಟಿದಾಗಿನಿಂದ ವಾರದ ರಜೆಯೂ ಇಲ್ಲದೆ ದುಡಿದವು, ಪಾಪ, ಮಲಗಲಿ ಎಂದು ಖುಷಿಪಟ್ಟೆ. ಪಾದ ಊದಿ ಚಪ್ಪಲಿ ಹಿಡಿಸದಾದಾಗ ಅಜ್ಜಿಗೂ ಈ ಸಿದ್ಧಾಂತ ವಿವರಿಸಿದೆ. ಅವಳು ಪೂರ್ತಿ ಕೇಳದೆಯೇ ನರ್ಸನ್ನು ಕೂಗಿದಳು.

ಡಾಕ್ಟರಮ್ಮ ಓಡಿಬಂದರು. "ಯಂತ್ರ ಸೋಸೋದೇ ಬೇರೆ, ಕಿಡ್ನಿ ಸೋಸೋದೇ ಬೇರೆ. ಅವಕ್ಕೆ ರಜಾ ಮಂಜೂರು ಮಾಡೋಕೆ ನೀನ್ಯಾರಮ್ಮ?" ಎಂದರು. ಚಿಕಿತ್ಸೆಯ ನಡುವೆ ರಕ್ತದೊತ್ತಡ ಇಳಿದು ಕಿಡ್ನಿಗಳಿಗೆ ಏಟು ಬಿದ್ದಿತ್ತಂತೆ. ಈಗ ಚೇತರಿಸಿಕೊಳ್ಳುತ್ತಿವೆ, ಊತವೂ ಇಳಿದಿದೆ. ಮೂತ್ರದ ಅಳತೆ ಏರಿದಾಗಲೆಲ್ಲ ಅಜ್ಜಿ ಚಪ್ಪಾಳೆ ತಟ್ಟುತ್ತಾಳೆ. ನನ್ನ ಯಾವ ಭಾಷಣಕ್ಕೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಆದರೆ ಇನ್ನೆರಡು ಸಲ ಯಂತ್ರ ಹಾಕಿಸಿಕೊಳ್ಳಬೇಕೋ, ನಿಲ್ಲಿಸಿ ಮಾತ್ರೆಗಳನ್ನೇ ನಂಬಬೇಕೋ, ಸೋಮವಾರ ತಿಳಿಸಬೇಕು. ನಿಲ್ಲಿಸಿದರೆ ಕೈ ಮತ್ತೆ ಸೋಲಬಹುದು, ಹೊಲಿಗೆ ಕೆಲಸಕ್ಕೆ ಮರಳುವುದು ದೂರವಾಗಬಹುದು. ಮುಂದುವರಿಸಿದರೆ ಕಿಡ್ನಿಯ ಭಯ. ಈಗ ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಅವಳು ನನ್ನಷ್ಟೇ ಜಗಳಗಂಟಿಯಾಗಿ, ನನಗಿಂತ ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ
ಬೆಂಕಿಪೊಟ್ಟಣ

ಇನ್ನೊಂದು ಮಾತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರಮ್ಮನ ಮೇಲೆ ಹರಿಹಾಯ್ದೆ. "ನಿಮ್ಮಕ್ಕನಿಗೆ ಹೇಳಿದ್ದೆನಲ್ಲ. ಅವಳಿಗೆ ನಾನೇ ಹೇಳ್ತೀನಿ ಅಂದ್ರು" ಎಂದರು. ರೋಗಿ ನಾನಲ್ಲವೇ ಎಂದು ಕೇಳಿದ್ದಕ್ಕೆ ತಮ್ಮದೂ ತಪ್ಪೆಂದು ಒಪ್ಪಿದರು. ನಾನು ಹೆದರುತ್ತೇನೆಂದು ನೀನು ಬಚ್ಚಿಟ್ಟೆ, ಗೊತ್ತು. ಆದರೆ ಅಕ್ಕ, ತಿಳಿದಿದ್ದರೆ ಮೂತ್ರ ಕಡಿಮೆಯಾದ ದಿನವೇ ಕೂಗುತ್ತಿದ್ದೆ. ಸೋಮವಾರದ ಮಾತನ್ನು ನಿನ್ನೊಡನೆ ಕೂತೇ ತೀರ್ಮಾನಿಸಬೇಕು, ನಿನಗೆ ಗೊತ್ತಿರುವುದನ್ನೆಲ್ಲ ಕೇಳಿಯೇ. ಭಾನುವಾರ ಸಂಜೆ ನಾಲ್ಕು ಗಂಟೆಗೆ ಬಾ. ವಾರ್ಡಿನ ಬಾಗಿಲವರೆಗೆ ನಾನೇ ನಡೆದು ಬಂದಿರುತ್ತೇನೆ.